ಕಡಲಿಗೆ ಹೋಗಲೊಲ್ಲದ ಆಮೆ

ಪ್ರಾಣಿಗಳಿಗೆ ಮನುಷ್ಯರ ಮನಸ್ಸು ತಿಳಿಯುತ್ತದೆ ಎನ್ನುವವರನ್ನು ನಾನು ಎಂದೂ ನಂಬಿದವನಲ್ಲ. ಈಗಲೂ ಪೂರ್ತಿ ನಂಬುವುದಿಲ್ಲ. ಆದರೆ ಐವತ್ತರ ದಶಕದ ಕೊನೆಯಲ್ಲಿ ನಮ್ಮೂರಾದ ಬೆಂಗ್ರೆಯ ಕಡಲತೀರದಲ್ಲಿ ನನಗಾದ ಮುಖಭಂಗಕ್ಕೆ ಬೇರೆ ಯಾವ ಕಾರಣ ಕೊಡಬೇಕೆಂದು ಓದುಗರೇ ಹೇಳಬೇಕು.

ಆಗ ನಾನು ಹೊಳೆಯಾಚೆಯ ನಗರದ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಅಣ್ಣ ಸಂಜೀವ ನಮ್ಮವರ ರಂಪಣಿಯ, ಎಂದರೆ ಊರೆಲ್ಲ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆಯ, ಮುಂದಾಳು. ತಂಗಿಯ ಮದುವೆಯ ಊಟದಲ್ಲಿ ಅವನು ಬೀಗರೆದುರು, "ಇವನಿಗೆ ಬಲೆ ಎಳೀಲಿಕ್ಕೆ ಒಂದು ಕೈಯೂ ಇಲ್ಲ. ಎಲೆ ಮುಂದೆ ಕೂತರೆ ಎರಡೂ ಉಂಟು" ಎಂದಿದ್ದ. ಪಂಕ್ತಿ ನಕ್ಕಿತು. ಯಾರು ಯಾರು ನಕ್ಕರೆಂಬುದು ನನಗೆ ಇಂದಿಗೂ ನೆನಪಿದೆ. ಅಂದೇ ಅವನೊಡನೆ ಮಾತು ಬಿಟ್ಟೆ. ವರ್ಷಗಳು ಕಳೆದವು, ತಾಯಿ ಅದೇ ಕೊರಗಿನಲ್ಲಿ ಹಾಸಿಗೆ ಹಿಡಿದಳು.

ಒಂದು ಸಂಜೆ ಅವಳನ್ನು ನೋಡಲು ದೋಣಿಯಲ್ಲಿ ಹೊಳೆ ದಾಟಿ ಬಂದಾಗ, ರಂಪಣಿಯಲ್ಲಿ ಕಡಲಾಮೆಯೊಂದು ಸಿಕ್ಕಿತ್ತು. ನಮ್ಮಲ್ಲಿ ಆಮೆಯನ್ನು ಕೊಲ್ಲುವಂತಿಲ್ಲ. ತಲೆಗೆ ಎಣ್ಣೆಯಿಟ್ಟು, ತಪ್ಪಾಯಿತೆಂದು ಕೈಮುಗಿದು, ಒಂದೇ ಮನೆಯ ಇಬ್ಬರು ಎತ್ತಿ ನೀರಿಗೆ ಬಿಡಬೇಕು. ಅಣ್ಣ ನನ್ನತ್ತ ನೋಡಿದ. ನಾನು ಮುಖ ತಿರುಗಿಸಿದೆ. ಅವನು ಬೇರೆ ಮನೆಯವನಾದ ಚಿಕ್ಕಮ್ಮನ ಮಗನನ್ನು ಕರೆದು ಅವನೊಡನೆ ಎತ್ತಿ ಬಿಟ್ಟ.

ಅಲೆಯೊಳಗೆ ಮರೆಯಾದ ಆಮೆ ತುಸು ಹೊತ್ತಿನಲ್ಲೇ ಹಿಂದಿರುಗಿ, ಅಷ್ಟು ಜನರನ್ನು ದಾಟಿಕೊಂಡು ನನ್ನ ಚಪ್ಪಲಿಯ ಮುಂದೆ ನಿಂತಿತು. ಮತ್ತೆ ಬಿಟ್ಟರು. ನಾನು ದೋಣಿಗಳ ಆಚೆಗೆ ಸರಿದು ನಿಂತೆ. ಅದು ಅಲ್ಲಿಗೇ ಬಂತು.

"ಎಂತ ಮಾರಾಯ, ಅದಕ್ಕೂ ಗುಮಾಸ್ತರ ಸಹಿ ಬೇಕಾ?" ಎಂದು ಬಲೆಯವನೊಬ್ಬ ಕೂಗಿದ. ದಡವೆಲ್ಲ ನಕ್ಕಿತು.

ಮೀನು ಹೊರುವ ಮುದುಕಿಯೊಬ್ಬಳು ಮಾತ್ರ ನಗಲಿಲ್ಲ. "ಎತ್ತು ಮಗಾ. ನಿನ್ನ ಅಪ್ಪೆ ಬಾಗಿಲಲ್ಲಿ ಕೂತು ನೋಡ್ತಾ ಇದ್ದಾಳೆ" ಎಂದಳು.

ತಿರುಗಿ ನೋಡಿದೆ. ಹಾಸಿಗೆಯಿಂದೇಳದ ತಾಯಿ ದಡದ ಮೇಲಿನ ನಮ್ಮ ಮನೆಯ ಹೊಸ್ತಿಲಲ್ಲಿದ್ದಳು. ನಾಚಿಕೆಯಿಂದ ನನ್ನ ಕಿವಿಗಳು ಬಿಸಿಯಾದವು. ಬಾಗಿ ಒಂದು ಕಡೆ ಹಿಡಿದೆ. ಅಣ್ಣ ಇನ್ನೊಂದು ಕಡೆ ಹಿಡಿದ.

"ಮೆಲ್ಲ, ಜಾರ್ತದೆ" ಎಂದ.

"ಗೊತ್ತುಂಟು" ಎಂದೆ. ಮದುವೆಯ ನಂತರ ನಾವು ಆಡಿದ ಮೊದಲ ಮಾತು ಅದು. ಆಮೆ ನೀರಿಗಿಳಿಯಿತು. ಕತ್ತಲಾಗುವವರೆಗೆ ಕಾದರೂ ಮರಳಲಿಲ್ಲ.

ಮೊಟ್ಟೆಯಿಡಲು ಬಂದದ್ದಿರಬೇಕು, ಬಳಲಿದ್ದಿರಬೇಕು ಎಂದು ಬಲ್ಲವರು ಆಮೇಲೆ ಹೇಳಿದರು. ಅದು ಮರಳು ಕೆದಕಿರಲಿಲ್ಲ. ಬಳಲಿದ್ದರೆ, ಸರಿದು ನಿಂತ ನನ್ನನ್ನೇ ಏಕೆ ಹುಡುಕಿಕೊಂಡು ಬಂತು? ಅಣ್ಣನ ಮಾತನ್ನು ನಾನು ಮರೆತೂ ಇಲ್ಲ, ಮನ್ನಿಸಿಯೂ ಇಲ್ಲ. ಆದರೆ ಇಂದಿಗೂ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತರೆ, ಆ ಒದ್ದೆ ಚಿಪ್ಪಿನ ಭಾರ ಎರಡೂ ಅಂಗೈಗಳಿಗೆ ಬರುತ್ತದೆ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಾಚುತ್ತೇನೆ.