ಹೋಳಿಗೆ ತಿಂದ ಕಾರು

ಸಿದ್ದಲಿಂಗಮ್ಮನಿಗೆ ಕಾರು ಓಡಿಸಲು ಬರುವುದಿಲ್ಲ. ಸೈಕಲ್ಲೂ ಬರುವುದಿಲ್ಲ. ಆದರೂ ತ್ಯಾವಣಿಗೆಯ ಆ ಓಣಿಯಲ್ಲಿ ಕರೆಂಟಿನ ಕಾರು ಇರುವುದು ಅವಳ ಅಂಗಳದಲ್ಲಿ ಮಾತ್ರ. ತಂದವನು ಗಂಡ ಕಲ್ಲೇಶಪ್ಪ, ಗೊಬ್ಬರದ ಅಂಗಡಿಯವನು. ಊರಿಗೆ ಯಾವ ಹೊಸ ವಸ್ತು ಬಂದರೂ ಮೊದಲು ತನ್ನ ಮನೆಗೆ ಬರಬೇಕು ಎನ್ನುವ ಗಂಡಸು.

ಆ ಕಾರಿನಲ್ಲಿ ಆತ ಊರೂರು ತಿರುಗಿದ್ದಕ್ಕಿಂತ ಅದನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಮೆರೆದದ್ದೇ ಹೆಚ್ಚು. ಕರೆಂಟು ಹೋದರೆ ಊರಿಗೆಲ್ಲ ಬೇಸರ, ಕಲ್ಲೇಶಪ್ಪನಿಗೆ ಹಬ್ಬ. ಕಾರಿಗೆ ಚಾರ್ಜ್ ಹಾಕುವ ಬಾಯಿಗೆ ಒಂದು ಅಡಾಪ್ಟರ್ ಸಿಕ್ಕಿಸುತ್ತಿದ್ದ. ಅದರ ತುದಿಯಲ್ಲಿ ಮನೆಯ ಗೋಡೆಯಲ್ಲಿ ಇರುವಂಥದ್ದೇ ಪ್ಲಗ್ ಪಾಯಿಂಟು. ಅಲ್ಲಿಂದ ವೈರು ಎಳೆದರೆ ಒಳಗೆ ಫ್ಯಾನು ತಿರುಗುತ್ತಿತ್ತು, ಟಿವಿ ಮಾತಾಡುತ್ತಿತ್ತು, ಓಣಿಯವರ ಮೊಬೈಲುಗಳೆಲ್ಲ ಕಟ್ಟೆಯ ಮೇಲೆ ಸಾಲಾಗಿ ಮಲಗಿ ಚಾರ್ಜು ಕುಡಿಯುತ್ತಿದ್ದವು. ಬಂದವರಿಗೆಲ್ಲ ಅದೇ ಕರೆಂಟಿನಲ್ಲಿ ಕಾಯಿಸಿದ ಚಹಾ. ಸಿದ್ದಲಿಂಗಮ್ಮ ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತು, ಇದೇನು ನಮ್ಮ ಮನೆಯೋ ಕೆಇಬಿ ಆಫೀಸೋ ಎಂದು ಬೈಯುತ್ತಿದ್ದಳು. ಬೈಯುತ್ತಲೇ ಚಹಾಕ್ಕೆ ಸಕ್ಕರೆ ಹಾಕುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಎದೆ ಹಿಡಿದುಕೊಂಡು ಕೂತ ಕಲ್ಲೇಶಪ್ಪ ಮತ್ತೆ ಏಳಲಿಲ್ಲ.

ಈಗ ಮೈದುನ ಗುರುಬಸವರಾಜ ಸೋಮವಾರಕ್ಕೊಮ್ಮೆ ಬಂದು, ಕಟ್ಟಿದ ದನವನ್ನು ಅಡ್ಡಾಡಿಸಿದ ಹಾಗೆ ಕಾರನ್ನು ಒಂದು ಸುತ್ತು ಓಡಿಸಿ, ಚಾರ್ಜಿಗೆ ಹಾಕಿ ಹೋಗುತ್ತಾನೆ. ಕರೆಂಟು ಹೋದರೆ ಸಿದ್ದಲಿಂಗಮ್ಮ ಎಣ್ಣೆ ದೀಪ ಹಚ್ಚಿಕೊಂಡು ಕೂರುತ್ತಾಳೆ. ಆ ವೈರನ್ನು ಅವಳು ಮುಟ್ಟಿಲ್ಲ. ಓಣಿಯವರೂ ಮೊಬೈಲು ಹಿಡಿದುಕೊಂಡು ಬಂದಿಲ್ಲ.

ಮಹಾನವಮಿ ಬಂತು. ಗುರುಬಸವರಾಜ ಮುಂಜಾನೆಯೇ ಬಂದು ಕಾರು ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಅಂಗಡಿಯ ತಕ್ಕಡಿ, ಮನೆಯ ಕುಡುಗೋಲು, ಈಳಿಗೆಮಣೆ ಎಲ್ಲವನ್ನೂ ಅದರ ಮುಂದೆ ಜೋಡಿಸಿ ಪೂಜೆ ಮಾಡಿದ. ಆ ಮನೆತನದಲ್ಲಿ ಪೂಜೆಗೆ ಇಟ್ಟ ಆಯುಧಕ್ಕೆ ಅಂದು ರಜೆ. ಮರುದಿನ ಬನ್ನಿ ಮುಡಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ಈಳಿಗೆಮಣೆಗೂ ರಜೆಯಾದ್ದರಿಂದ ಸಿದ್ದಲಿಂಗಮ್ಮ ಹಿಂದಿನ ದಿನವೇ ಪಲ್ಯದ ಕಾಯಿ ಹೆಚ್ಚಿಟ್ಟುಕೊಂಡಿದ್ದಳು.

ಊಟ ಮುಗಿಯುವ ಹೊತ್ತಿಗೆ ಓಣಿಯ ತುದಿಯ ಟಿಸಿ, ಅಂದರೆ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್, ಢಂ ಎಂದು ಸಿಡಿಯಿತು. ಕರೆಂಟು ಹೋಯಿತು. ಫೋನು ಮಾಡಿದವರಿಗೆ ಲೈನ್‌ಮನ್, ಟಿಸಿ ಪೂರ್ತಿ ಸುಟ್ಟಿದೆ, ಬೇರೆಯದು ಬರಬೇಕು, ಹಬ್ಬದ ದಿನ ಯಾರೂ ಸಿಗುವುದಿಲ್ಲ, ನಾಳೆ ನೋಡೋಣ ಎಂದ. ಊರವರು ಹೊಟ್ಟೆ ತುಂಬ ಹೋಳಿಗೆ ತಿಂದಿದ್ದರು. ಹೋದರೆ ಹೋಗಲಿ ಎಂದು ಚಾಪೆ ಹಾಸಿದರು.

ಹಿತ್ತಲಗೋಡೆಯ ಆಚೆ ಮನೆಯ ದುರುಗಕ್ಕ ಮಾತ್ರ ಓಡಿ ಬಂದಳು.

ದುರುಗಕ್ಕ ಮೊಟ್ಟೆಗೆ ಕಾವು ಕೊಡುವ ಕರೆಂಟಿನ ಪೆಟ್ಟಿಗೆಯೊಂದನ್ನು ಶಿವಮೊಗ್ಗದಿಂದ ತಂದಿದ್ದಳು. ಕೋಳಿ ಮಾಡುವ ಕೆಲಸವನ್ನು ಡಬ್ಬಿ ಮಾಡುತ್ತದಂತೆ ಎಂದು ಓಣಿಯೆಲ್ಲ ನಕ್ಕಿತ್ತು. ನಗುತ್ತಲೇ ಮನೆಮನೆಯವರೂ ತಮ್ಮ ನಾಟಿ ಕೋಳಿಯ ಮೊಟ್ಟೆಗಳನ್ನು ಅವಳಿಗೆ ಪಾಲಿಗೆ ಕೊಟ್ಟಿದ್ದರು: ಮರಿಯಾದರೆ ಅರ್ಧ ಮೊಟ್ಟೆಯವರಿಗೆ, ಅರ್ಧ ದುರುಗಕ್ಕನಿಗೆ. ಇದು ಮೊದಲ ಸಲ. ಇದು ಕೆಟ್ಟರೆ ಇನ್ನೊಂದು ಮೊಟ್ಟೆಯನ್ನು ಯಾರೂ ಅವಳ ಕೈಗೆ ಕೊಡುವುದಿಲ್ಲ. ಮುಂಜಾನೆಯಿಂದ ಮೊಟ್ಟೆಗಳ ಒಳಗೆ ಮರಿಗಳು ಕೂಗತೊಡಗಿದ್ದವು. ಒಂದೆರಡು ಚಿಪ್ಪು ಸೀಳಿದ್ದವು. ಈಗ ಪೆಟ್ಟಿಗೆ ತಣ್ಣಗಾಗುತ್ತಿತ್ತು. ಕಂಬಳಿ ಹೊದಿಸಿ ಬಂದಿದ್ದಳು. ಓಣಿಯಲ್ಲಿ ಕಾವಿಗೆ ಕೂತ ಕೋಳಿ ಒಂದೂ ಇರಲಿಲ್ಲ. ಕೂರುವ ಅವಕಾಶವನ್ನು ಪೆಟ್ಟಿಗೆಯೇ ಕಿತ್ತುಕೊಂಡಿತ್ತು.

"ಅಕ್ಕಾರೇ, ಕಾರಿಂದ ಒಂದೀಟು ಕರೆಂಟ್ ಕೊಡ್ರಿ. ಕತ್ತಲಾಗೋದ್ರೊಳಗೆ ಎಲ್ಲಾ ಸಾಯ್ತಾವೆ."

ಸಿದ್ದಲಿಂಗಮ್ಮ ಬಾಯಿ ತೆರೆಯುವ ಮೊದಲೇ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಗುರುಬಸವರಾಜ ಕೈ ಅಡ್ಡ ಹಿಡಿದ. ಪೂಜೆಗೆ ಕೂರಿಸಿದ ಗಾಡಿ, ಬನ್ನಿ ಆಗುವವರೆಗೆ ಅದರಿಂದ ಕೆಲಸ ತೆಗೆಯುವಂತಿಲ್ಲ ಎಂದ. ಅಣ್ಣ ಇದ್ದಾಗಲೂ ಇದೇ ನೇಮ ಎಂದ. ಅದಲ್ಲದೆ ಮೈತುಂಬ ವಿಭೂತಿ ಹಚ್ಚಿಕೊಂಡು ಕೂತ ಕಾರು ಮೊಟ್ಟೆಗೆ ಕರೆಂಟು ಕೊಡುವುದು ಎಂದರೆ ಹೇಗೆ ಎಂದು ಕೇಳಿದ. ಈ ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದವರು ಇಲ್ಲ.

ಸಿದ್ದಲಿಂಗಮ್ಮ ಸೆರಗು ಸಿಕ್ಕಿಸಿಕೊಂಡಳು. "ಇವತ್ತು ನಿಮ್ಮ ಮನ್ಯಾಗೆ ಎಮ್ಮೆ ಹಾಲು ಕರೆದ್ರೋ ಇಲ್ಲೋ?"

"ಕರೆದ್ವಿ. ಅದು ಬೇರೆ, ಅತ್ತಿಗೆ."

"ಏನು ಬೇರೆ? ಎಮ್ಮೆ ನಿಂತಲ್ಲೇ ನಿಂತು ಹಾಲು ಕೊಟ್ತು. ಇದು ನಿಂತಲ್ಲೇ ನಿಂತು ಕರೆಂಟ್ ಕೊಡ್ತೈತೆ. ಗಾಲಿ ಒಂದು ಗೇಣು ಉರುಳಿದ್ರೆ ಕೇಳು."

ಗುರುಬಸವರಾಜ ಎಲೆ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದ. ಎಮ್ಮೆಗೆ ಆಯುಧಪೂಜೆ ಮಾಡುವುದಿಲ್ಲ, ಕಾರಿಗೆ ಮಾಡಿದೆ, ಆದ್ದರಿಂದ ಎಮ್ಮೆಯ ಮಾತು ಇಲ್ಲಿ ನಿಲ್ಲುವುದಿಲ್ಲ ಎಂದ. ಮುಟ್ಟಬಾರದು ಅಂದರೆ ಮುಟ್ಟಬಾರದು.

ಅಷ್ಟರಲ್ಲಿ ದುರುಗಕ್ಕ ಕಾರಿನ ಹತ್ತಿರ ಬಗ್ಗಿ ನೋಡುತ್ತಿದ್ದಳು. ಹೂವಿನ ಹಾರದ ಕೆಳಗೆ ನೆಲದಿಂದ ಕೆಂಪಿರುವೆಯ ಸಾಲು ಹೊರಟಿತ್ತು. ಅದು ಗಾಲಿ ಹತ್ತಿ, ಬಾಗಿಲ ಅಂಚು ಹಿಡಿದು, ನೇರ ಚಾರ್ಜು ಹಾಕುವ ಮುಚ್ಚಳದ ಒಳಗೆ ಹೋಗುತ್ತಿತ್ತು. ಮದುವೆ ಮನೆಗೆ ಹೋದ ಹಾಗೆ ಹೋಗುತ್ತಿತ್ತು.

ಸಿದ್ದಲಿಂಗಮ್ಮ ಮುಚ್ಚಳ ತೆರೆದಳು. ಒಳಗೆ ಅರ್ಧ ಹೋಳಿಗೆ. ಮೇಲೆ ತುಪ್ಪ.

ಅವಳು ಮೈದುನನ ಕಡೆ ತಿರುಗಿದಳು. ಎಲ್ಲ ಆಯುಧಕ್ಕೂ ಎಡೆ ಹಿಡಿಯುತ್ತೇವೆ, ಪ್ರತಿ ಸಲ ಬಾನೆಟ್ಟಿನ ಮೇಲೆ ಇಟ್ಟರೆ ಕಾಗೆ ಒಯ್ಯುತ್ತದೆ, ಈ ಸಲ ಸರಿಯಾಗಿ ಮಾಡೋಣ ಎಂದುಕೊಂಡೆ ಎಂದು ಗುರುಬಸವರಾಜ ತಾನಾಗಿಯೇ ಶುರು ಮಾಡಿದ.

"ಅದು ಉಣ್ಣೋದು ಅಲ್ಲೇ ಅಲ್ಲೇನು, ಅತ್ತಿಗೆ," ಎಂದ ಕೊನೆಗೆ.

ದುರುಗಕ್ಕ ಮೊಟ್ಟೆಯ ಸಂಕಟ ಮರೆತು ಗೋಡೆ ಹಿಡಿದುಕೊಂಡು ನಕ್ಕಳು. ಸಿದ್ದಲಿಂಗಮ್ಮನಿಗೂ ನಗು ಬಂತು. ಬೇಸಿಗೆಯಿಂದ ಈಚೆಗೆ ಅದೇ ಮೊದಲು. ಬಂದ ನಗುವನ್ನು ನುಂಗಿ, "ತೆಗಿ ಅದನ್ನ," ಎಂದಳು.

ಪೂಜೆಯ ಗಾಡಿ ಮುಟ್ಟಬಾರದು ಎಂದವನೇ ಈಗ ಮಂಡಿಯೂರಿ ಕೂತ. ಬಿಟ್ಟರೆ ಇರುವೆ ಒಳಗಿನ ವೈರು ತಿನ್ನುತ್ತದೆ. ಹೋಳಿಗೆ ತೆಗೆದ. ಪೂಜೆಗೆ ಹೊಸೆದು ಉಳಿದಿದ್ದ ಹತ್ತಿಬತ್ತಿಗಳಿಂದ ಒಂದೊಂದೇ ತೂತಿನ ತುಪ್ಪ ಒರೆಸಿದ. ಕಸಬರಿಗೆ ಕಡ್ಡಿಗೆ ಬಟ್ಟೆ ಸುತ್ತಿ ಹೂರಣ ಕೆರೆದ. ಇರುವೆ ಅವನ ಕೈಯೆಲ್ಲ ಕಚ್ಚಿತು. ದುರುಗಕ್ಕ ಎರಡು ಸಲ ಮನೆಗೆ ಓಡಿ ಕಂಬಳಿಯ ಕೆಳಗೆ ಕಿವಿಯಿಟ್ಟು ಬಂದಳು. ಮೊದಲ ಸಲ ಬಹಳ ಕೂಗು ಅಂದಳು. ಎರಡನೇ ಸಲ ಕೂಗು ಅಡಗಿದೆ ಅಂದಳು.

"ಮುಟ್ಟಿದ್ದಂತೂ ಆತು," ಎಂದಳು ಸಿದ್ದಲಿಂಗಮ್ಮ. "ಇನ್ನ ಕೊಡಾಕೆ ಏನು ಅಡ್ಡಿ?"

ಗುರುಬಸವರಾಜ ಇರುವೆ ಕಚ್ಚಿದ ಕೈ ತುರಿಸಿಕೊಂಡು, ಮೊಟ್ಟೆ ಮನೆಯ ಹೊಸ್ತಿಲು ದಾಟದಿದ್ದರೆ ಸಾಕು ಎಂದ.

ಅಡಾಪ್ಟರ್ ಹುಡುಕಲು ಸಿದ್ದಲಿಂಗಮ್ಮ ಡಿಕ್ಕಿ ತೆರೆಸಿದಳು. ಅದರ ಚೀಲದ ಪಕ್ಕದಲ್ಲಿ ಕಲ್ಲೇಶಪ್ಪನ ಹಳೆಯ ಚಪ್ಪಲಿ ಇದ್ದವು. ಹೊಲಕ್ಕೆ ಹೋಗುವಾಗ ಮೆಟ್ಟುತ್ತಿದ್ದಂಥವು, ಮಣ್ಣು ಹಾಗೇ ಇತ್ತು. ಅವನ್ನು ಸ್ವಲ್ಪ ಸರಿಸಿ ಚೀಲ ತೆಗೆದುಕೊಂಡಳು. ಡಿಕ್ಕಿ ಮುಚ್ಚಿದಳು.

ಅಡಾಪ್ಟರ್ ಕೂತಿತು. ಆದರೆ ಕರೆಂಟು ಬಿಡಲು ಕಾರಿನೊಳಗಿನ ಪರದೆಯಲ್ಲಿ ಎಲ್ಲೋ ಒತ್ತಬೇಕು. ಗುರುಬಸವರಾಜನಿಗೆ ಅದು ಗೊತ್ತಿರಲಿಲ್ಲ. ಸಿದ್ದಲಿಂಗಮ್ಮನಿಗೆ ಪರದೆಯ ಇಂಗ್ಲಿಷು ಬರುವುದಿಲ್ಲ. ಟಾರ್ಚ್ ಹಿಡಿದು ನಿಂತಾಗ ಗಂಡನ ಬೆರಳು ಎಲ್ಲಿ ಹೋಗುತ್ತಿತ್ತು ಎಂಬುದಷ್ಟೇ ನೆನಪು. ಮೊದಲು ಒತ್ತಿದಾಗ ಹಾಡು ಬಂತು. ಮತ್ತೆ ಒತ್ತಿದಾಗ ಎಸಿ ಬಂತು. ಕೆಳಗೆ ಪ್ಲಗ್ಗಿನ ಚಿತ್ರವೊಂದಿತ್ತು, ಅದನ್ನು ಒತ್ತಿದಳು. ಕಾರು ಒಳಗಿನಿಂದ ಗುಂಯ್ ಎಂದಿತು.

ಸದ್ದು ಕೇಳಿ ಅವಳು ಒಂದು ಗಳಿಗೆ ಸೀಟಿನಲ್ಲೇ ಕೂತಳು. ಆಮೇಲೆ ಇಳಿದಳು.

ವೈರು ಹಿತ್ತಲಗೋಡೆಯವರೆಗೂ ಮುಟ್ಟಲಿಲ್ಲ. ಕಾರನ್ನು ಹಿಂದಕ್ಕೆ ತೆಗೆಯೋಣ ಎಂದು ಗುರುಬಸವರಾಜನೇ ಹೊರಟ. ಗಾಲಿ ಉರುಳಬಾರದೆಂಬುದು ಅವನಿಗೇ ನೆನಪಾಗಿ ನಿಂತ. ಹಾಗಾಗಿ ಪೆಟ್ಟಿಗೆಯೇ ಕಾರಿನ ಬಳಿಗೆ ಬರಬೇಕಾಯಿತು. ಅಂಗಳದಲ್ಲಿ ಇರುವೆ, ಮೇಲೆ ಮಳೆ ಮೋಡ. ಮನೆಗೆ ಹೊಸ್ತಿಲು ಇದೆ, ಕಾರಿಗೆ ಹೊಸ್ತಿಲು ಇಲ್ಲ. ಸಿದ್ದಲಿಂಗಮ್ಮ ಹಿಂದಿನ ಬಾಗಿಲು ತೆರೆದಳು.

ಅದು ಕಾರಿನ ಸೀಟು ಅತ್ತಿಗೆ, ಅಣ್ಣ ಅದರ ಮೇಲೆ ಯಾರಿಗೂ ಮಂಡಕ್ಕಿ ತಿನ್ನಲೂ ಬಿಡುತ್ತಿರಲಿಲ್ಲ ಎಂದು ಗುರುಬಸವರಾಜ ಮೆಲ್ಲಗೆ ನೆನಪಿಸಿದ.

"ಅವು ಮಂಡಕ್ಕಿ ತಿನ್ನಲ್ಲ," ಎಂದಳು.

ಕಂಬಳಿ ಸುತ್ತಿದ ಪೆಟ್ಟಿಗೆ ಹಿಂದಿನ ಸೀಟಿನಲ್ಲಿ ಕೂತಿತು. ಒಳಗೆ ಕೆಂಪು ದೀಪ ಹೊತ್ತಿತು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ದುರುಗಕ್ಕ ಬಾಗಿಲ ಹತ್ತಿರವೇ ಕುಕ್ಕರಗಾಲಲ್ಲಿ ಕೂತಳು. ಗುರುಬಸವರಾಜ ಮನೆಗೆ ಹೋಗುತ್ತೇನೆ ಎಂದು ಎದ್ದವನು ಹೋಗಲಿಲ್ಲ. ಬೆಳಕು ಮಾಸುವ ಹೊತ್ತಿಗೆ ಪೆಟ್ಟಿಗೆಯೊಳಗಿಂದ ಒಂದು ಸಣ್ಣ ಕೂಗು ಬಂತು. ಅದಕ್ಕೆ ಇನ್ನೊಂದು ಉತ್ತರ ಕೊಟ್ಟಿತು. ಎಲ್ಲರಿಗಿಂತ ಮೊದಲು ಗುರುಬಸವರಾಜನೇ ಕಾರಿನ ಗಾಜಿಗೆ ಮೂಗು ಹಚ್ಚಿದ.

ಮರುದಿನ ಬನ್ನಿ ಕೊಡಲು ಬಂದವರೆಲ್ಲ ಸಿದ್ದಲಿಂಗಮ್ಮನ ಕೈಗೆ ಎಲೆ ಕೊಟ್ಟು, ನೇರ ಕಾರಿನ ಹತ್ತಿರ ಹೋಗಿ ಬಗ್ಗಿದರು. ಕೆಲವು ಮೊಟ್ಟೆ ಒಡೆಯಲಿಲ್ಲ. ಮಿಕ್ಕವೆಲ್ಲ ಮರಿಯಾಗಿ, ಒದ್ದೆ ಆರಿ, ಹಳದಿ ಕಂದು ಉಂಡೆಗಳಾಗಿ ಒಂದರ ಮೇಲೊಂದು ಬೀಳುತ್ತಿದ್ದವು. ಇಬ್ಬರು ಹೆಂಗಸರು ಮೊಬೈಲನ್ನೂ ತಂದಿದ್ದರು. ಸಿದ್ದಲಿಂಗಮ್ಮ ಅವನ್ನು ಈಸಿಕೊಂಡು ಚಾರ್ಜಿಗೆ ಇಟ್ಟಳು. ಚಹಾಕ್ಕೂ ನೀರಿಟ್ಟಳು.

ಜನ ಚದುರಿದ ಮೇಲೆ ದುರುಗಕ್ಕ, ಕಲ್ಲೇಶಪ್ಪಣ್ಣ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದರೋ ಎಂದಳು.

"ಇದ್ದಿದ್ರೆ ಕೇಳೋಕ್ಕೆ ಮೊದಲೇ ಕರೆಂಟ್ ಕೊಡ್ತಿದ್ದ. ನಾನು ಬೈತಿದ್ದೆ," ಎಂದಳು ಸಿದ್ದಲಿಂಗಮ್ಮ. ಲೋಟ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ದುರುಗಕ್ಕ ಮಾತು ಬದಲಿಸಿದಳು. ಮೊಟ್ಟೆ ಕೊಟ್ಟವರಿಗೆ ಪಾಲಿದೆ, ಕಾವು ಕೊಟ್ಟವರಿಗೂ ಒಂದು ಮರಿಯಾದರೂ ಪಾಲು ಬೇಡವೇ ಎಂದಳು. ಸಿದ್ದಲಿಂಗಮ್ಮ ಬೇಡವೆಂದಳು. ದುರುಗಕ್ಕ ಬಿಡಲಿಲ್ಲ, ಬೇರೆಯವರ ಪಾಲು ಇಟ್ಟುಕೊಂಡರೆ ತನ್ನ ಕೈಗೆ ಏಳಿಗೆ ಇಲ್ಲ ಎಂದಳು.

"ಹಂಗಾದ್ರೆ ನನ್ನ ಪಾಲಿಂದು ನಿನ್ನ ಹತ್ರಾನೇ ಬೆಳೀಲಿ. ಆದ್ರೆ ಅದನ್ನ ಕುಯ್ಯಂಗಿಲ್ಲ, ಕುಯ್ಯೋರಿಗೆ ಮಾರಂಗಿಲ್ಲ."

"ಆತು ಬಿಡ್ರಿ ಅಕ್ಕಾರೇ. ಯಾವುದು ನಿಮ್ದು, ತೋರಿಸ್ರಿ. ಕಾಲಿಗೆ ದಾರ ಕಟ್ಟಿಡ್ತೀನಿ, ಅದೊಂದನ್ನ ಯಾರೂ ಕುಯ್ಯಂಗಿಲ್ಲ."

ಸಿದ್ದಲಿಂಗಮ್ಮ ಬಗ್ಗಿ ಪೆಟ್ಟಿಗೆಯನ್ನು ತುಂಬ ಹೊತ್ತು ನೋಡಿದಳು. ಒಂದು ಮರಿಯ ಮೇಲೆ ಕಣ್ಣು ನಿಂತಿದ್ದು ನಿಜ.

"ಅದನ್ನ ನಾನು ಹೇಳಲ್ಲ," ಎಂದು ಇನ್ನೊಂದು ಸಲ ಚಹಾಕ್ಕೆ ಇಡಲು ಒಳಗೆ ಹೋದಳು.