ಅರ್ಧಕ್ಕೆ ನಿಂತ ಪರೀಕ್ಷೆ

ಅವರು ಆ ಮಾತನ್ನು ಸಿಟ್ಟಿನಿಂದ ಹೇಳಿದರೋ ನಗುತ್ತ ಹೇಳಿದರೋ, ನನ್ನ ನೆನಪು ದಿನಕ್ಕೊಂದು ಬಗೆ ಹೇಳುತ್ತದೆ. ದೋಹಾದ ಹೊರಗಿನ ತರಬೇತಿ ಕೇಂದ್ರದಲ್ಲಿ, ಮೊಜಾಂಬಿಕ್‌ನ ಹೊಸ ಅನಿಲ ಸ್ಥಾವರಕ್ಕೆ ಬೇಕಾದವರನ್ನು ತಯಾರು ಮಾಡುತ್ತಿದ್ದ ಪುತ್ತೂರಿನ ಫೋರ್‌ಮನ್ ಅವರು. ಮಾತಿಗೊಮ್ಮೆ ಹೆಲ್ಮೆಟ್ ತಟ್ಟಿ, "ಮೊದಲು ಕಣ್ಣು, ಆಮೇಲೆ ಕೈ," ಎನ್ನುತ್ತಿದ್ದರು.

ನಾನೂ ಪರೀಕ್ಷಕನಾಗಿದ್ದ ಕೊನೆಯ ಪರೀಕ್ಷೆಯಲ್ಲಿ, ತರಬೇತಿಗೆ ಬಂದವಳೊಬ್ಬಳು ಪೈಪಿಗೆ ಒತ್ತಡ ಏರಿಸುವುದನ್ನು ಅರ್ಧಕ್ಕೇ ನಿಲ್ಲಿಸಿ, ಪ್ರೆಶರ್ ಗೇಜಿನ ಚೀಟಿ ತೋರಿಸಿದಳು. ಅದರ ತಪಾಸಣೆಯ ಅವಧಿ ಮುಗಿದಿತ್ತು. ಫೇಲಾದರೆ ಅವಳಿಗೆ ಕೆಲಸವಿರಲಿಲ್ಲ.

"ಪರೀಕ್ಷೆ ಮುಗಿಸಲಿಲ್ಲ, ಫೇಲ್ ಅಲ್ಲವೇ?" ಎಂದು ಫೋರ್‌ಮನ್ ಅವರನ್ನು ಕೇಳಿದೆ.

"ಎಂತ ಸಾರ್ ಫೇಲು? ನೋಡದೆ ಗೇಜ್ ಜೋಡಿಸಿದ್ದು ನಾನು. ನಮಗಿಬ್ಬರಿಗೂ ಕಾಣದ್ದು ಅವಳಿಗೆ ಕಂಡಿತಲ್ಲ! ಪಾಸಾಗ್ಲಿಕ್ಕೆ ಇನ್ನೆಂತ ಬೇಕು? ಖಲಾಸ್!"

ಮೊನ್ನೆ ಆ ಸ್ಥಾವರಕ್ಕೆ ಬರೆದು ಕೇಳಿದೆ. ಇದೊಂದು ಖಚಿತ: ಅಲ್ಲಿ ಹೊಸಬರನ್ನು ಪರೀಕ್ಷಿಸುವವಳು ಈಗ ಅವಳೇ.