ಪಾಪ ಅನ್ನುವ ಹೆಸರು

ನನ್ನ ಚಿಕ್ಕಮ್ಮನನ್ನು ಎಲ್ಲರೂ ಕರೆಯುವುದು ಪಾಪ ಎಂದು. ಅವಳು ಹುಟ್ಟಿದ ವಾರದಲ್ಲೇ ತಾಯಿ ತೀರಿಕೊಂಡಳು. ಎತ್ತಿ ಆಡಿಸಿ ಬೆಳೆಸಿದ ಅವಳ ದೊಡ್ಡಣ್ಣ 'ನಮ್ಮ ಪಾಪ' ಎಂದ. ಪಾಪ ಎಂದರೆ ಹಸುಗೂಸು, ಅಷ್ಟೇ. ತಲೆ ನರೆತರೂ ಆ ಹೆಸರು ಅವಳನ್ನು ಬಿಡಲಿಲ್ಲ.

ದೊಡ್ಡ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಸೂಪು ಕಾಯಿಸಿ ವಾರ್ಡುಗಳಿಗೆ ಕೊಡುವುದು ಅವಳ ಕೆಲಸ. ತರಕಾರಿ ಹೆಚ್ಚುವವಳು ಸಮುದ್ರದಾಚೆಯವಳು. ಅವಳು "ಪಾಪಾ" ಎಂದು ಕೂಗಿದಾಗೆಲ್ಲ ಚಿಕ್ಕಮ್ಮ ಸೌಟು ಬಿಟ್ಟು ಓಡುತ್ತಿದ್ದಳು. ಕೂಗಿದವಳಿಗೆ ಬೇಕಾಗಿದ್ದುದು ಆಲೂಗಡ್ಡೆ. ಅವರ ಕಡೆ ಆಲೂಗಡ್ಡೆಯನ್ನು ಹಾಗೇ ಕರೆಯುತ್ತಾರಂತೆ. ಅಲ್ಲಿನ ಬೆಟ್ಟದ ಜನರ ಹಳೆಯ ನುಡಿಯಿಂದ ಬಂದ ಮಾತಂತೆ. ಊಟದ ಗಾಡಿ ತಳ್ಳುವವನ ಮಗಳು ಫೋನಿನಲ್ಲಿ "ಪಪ್ಪಾ" ಎಂದರೂ ಚಿಕ್ಕಮ್ಮ ತಿರುಗುತ್ತಿದ್ದಳು.

"ಒಬ್ರಿಗೆ ಅಪ್ಪ, ಒಬ್ರಿಗೆ ಗಡ್ಡೆ, ನಾನು ಮಾತ್ರ ಕೂಸು" ಎಂದು ನಗುತ್ತಿದ್ದಳು.

ಎದೆಗೆ ಹೆಸರಿನ ಬಿಲ್ಲೆ ಬಂದ ದಿನ ಆ ನಗು ನಿಂತಿತು. ಅವಳ ಬಿಲ್ಲೆಯ ಮೇಲೆ 'ಪುಣ್ಯ' ಎಂದಿತ್ತು.

"ಇದ್ಯಾರು ಸಾರ್?"

"ನೀನೇ ಕಣಮ್ಮ" ಎಂದ ಮೇಲ್ವಿಚಾರಕ. "ಸಾವು ಬದುಕಿನ ಜಾಗ ಇದು. ಪಾಪ ಅಂತ ಬರ್ಕೊಂಡು ಹೋದ್ರೆ ರೋಗಿಗಳು ಏನಂದ್ಕೋತಾರೆ? ಒಳ್ಳೇದೇ ಮಾಡಿದೀವಲ್ಲ."

ಚಿಕ್ಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಪಾಪ ಮಂತ್ರದ್ದು, ನಂದು ತೊಟ್ಟಿಲಿಂದು. ನನ್ನ ಹೆಸರು ತಿದ್ದೋಕೆ ನೀವ್ಯಾರು?"

"ಬಿಲ್ಲೆ ಇಲ್ದೆ ಒಳಗೆ ಬರೋ ಹಾಗಿಲ್ಲ."

ಅವಳು ಬಿಲ್ಲೆಯನ್ನು ಮೇಜಿನ ಮೇಲೆ ಕುಕ್ಕಿ ಹೊರಟುಬಂದಳು. ಮನೆಯಲ್ಲಿ ದೊಡ್ಡಣ್ಣ ಮೆಲ್ಲಗೆ, "ಹೊಟ್ಟೆಪಾಡು ಪಾಪ, ಹಾಕ್ಕೊಂಡ್ಬಿಡು" ಎಂದ. ಅದು ಗಾಯದ ಮೇಲೆ ಉಪ್ಪು ಸವರಿದಂತಾಯಿತು. "ನೀನಿಟ್ಟ ಹೆಸರನ್ನ ನೀನೇ ಬಿಟ್ಕೊಡ್ತೀಯಲ್ಲಣ್ಣ" ಎಂದಳು.

ಮರುದಿನ ಅಡುಗೆಮನೆಯ ಬಾಗಿಲಲ್ಲಿ ಅವಳನ್ನು ತಡೆದರು. ಅದನ್ನು ಕಂಡು ತರಕಾರಿಯವಳೂ ಗಾಡಿಯವನೂ ತಮ್ಮ ಬಿಲ್ಲೆ ಕಿತ್ತಿಟ್ಟು ಅವಳ ಪಕ್ಕ ಬಂದು ನಿಂತರು. ಮೂವರೂ ಹೊರಗಿದ್ದರೆ ವಾರ್ಡಿಗೆ ಊಟ ಹೊರಡುವಂತಿರಲಿಲ್ಲ. ಮೇಲ್ವಿಚಾರಕ ಹಲ್ಲು ಕಡಿಯುತ್ತ ಏನೂ ಬರೆಯದ ಬಿಲ್ಲೆಯೊಂದನ್ನು ಅವಳ ಮುಂದೆ ಎಸೆದ. "ಇದನ್ನಾದ್ರೂ ಹಾಕ್ಕೋ."

ಹಸಿದವರು ಕಾಯುತ್ತಿದ್ದಾರೆ ಎಂದು ಹಾಕಿಕೊಂಡಳು, ಸೋತು ಅಲ್ಲ. ಹೆಸರು ಕೇಳಿದ ರೋಗಿಗಳಿಗೆಲ್ಲ ಬಾಯಿ ತುಂಬ "ಪಾಪ" ಎನ್ನುತ್ತಾಳೆ. "ಅಯ್ಯೋ, ಯಾರಿಗೇನಾಯ್ತಮ್ಮ?" ಎಂದು ಅಜ್ಜಿಯೊಬ್ಬಳು ಗಾಬರಿಯಾಗಿದ್ದೂ ಉಂಟು.

ಮೇಲ್ವಿಚಾರಕ ಮಾತ್ರ ಈಗಲೂ "ಪುಣ್ಯಾ" ಎಂದೇ ಕೂಗುತ್ತಾನೆ. ಚಿಕ್ಕಮ್ಮ ತಿರುಗಿಯೂ ನೋಡುವುದಿಲ್ಲ.